ನಮ್ಮ ಕೆರೆಯ ಮಣ್ಣಿನ ದಾರಿಗೆ ಇಂಟರ್‌ಲಾಕ್ ಬೇಕೇ, ಬೇಡವೇ?

ಕೋಡಿಬದಿ · ಶನಿವಾರ, ಬೆಳಿಗ್ಗೆ 9.10

ದಕ್ಷಿಣ ಬೆಂಗಳೂರಿನ ಒಂದು ಸಣ್ಣ ಕೆರೆಯ ವಿಷಯ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆಯಿಂದ ನನ್ನ ಮೊಬೈಲ್ ಸುಮ್ಮನಿರುವುದಿಲ್ಲ. ಹದಿನೆಂಟು ಎಕರೆ ಇದೆ. ಸುತ್ತ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ಮಣ್ಣಿನ ಕಾಲುದಾರಿ. ಏರಿಯ ಮೇಲೆ ಅಗಲ, ಹಿಂಬದಿಯ ಜೊಂಡಿನ ಕಡೆ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಆರು ವರ್ಷದಿಂದ ಪ್ರತಿ ಭಾನುವಾರ ಹತ್ತು ಹನ್ನೆರಡು ಜನ ಸೇರಿ ದಾರಿ ಸವರುತ್ತೇವೆ, ಲಂಟಾನ ಕಡಿಯುತ್ತೇವೆ, ಬಾಟಲಿ ಹೆಕ್ಕುತ್ತೇವೆ. ಗುದ್ದಲಿ, ಮಚ್ಚು, ಗಮೇಲ ಎಲ್ಲವೂ ನಮ್ಮವೇ.

ಮಳೆಗಾಲದಲ್ಲಿ ಎರಡು ಕಡೆ ನೀರು ನಿಂತು ರಾಡಿಯಾಗುತ್ತದೆ. ಕಳೆದ ಮಳೆಯಲ್ಲಿ ಹಿರಿಯರೊಬ್ಬರು ಅಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಮೇಲೆ ಯಾರೋ ಅರ್ಜಿ ಹಾಕಿದರು. ಈಗ ಪೂರ್ತಿ ಸುತ್ತಿಗೆ ಇಂಟರ್‌ಲಾಕ್ (ಒಂದಕ್ಕೊಂದು ಕೂರುವ ಸಿಮೆಂಟ್ ಇಟ್ಟಿಗೆ), ಉದ್ದಕ್ಕೂ ದೀಪದ ಕಂಬ, ನೀರಿನ ಬದಿಗೆ ಸ್ಟೀಲ್ ಕಂಬಿ ಎಂಬ ಅಂದಾಜು ಪಟ್ಟಿ ತಯಾರಾಗಿದೆ. ನಮ್ಮ ಗುಂಪಿನಲ್ಲಿ ಅರ್ಧ ಜನ ಬೇಕು ಎನ್ನುತ್ತಾರೆ. ನನಗೆ ಬೇಡ. ಆದರೆ ಅದು ವಿವೇಕವೋ, ಆರು ವರ್ಷ ಗುದ್ದಲಿ ಹಿಡಿದವನ ಹಠವೋ ನನಗೇ ತಿಳಿಯುತ್ತಿಲ್ಲ. ಮುಂದಿನ ಭಾನುವಾರ ಸಭೆ ಇದೆ. ಅನುಭವ ಇದ್ದವರು ಹೇಳಿ.

ಎಪ್ಪತ್ತೊಂದು · 9.24

ಹಾಕಿಸಿ. ಮುರಿದ ಮಣಿಕಟ್ಟು ನಿಮ್ಮದಲ್ಲವಲ್ಲ.

ಟಿಟ್ಟಿಭ · 9.31

ದಯವಿಟ್ಟು ಬೇಡ. ನನ್ನ ಹೆಸರಿನ ಹಕ್ಕಿಯ ಪರವಾಗಿಯೇ ಬರೆಯುತ್ತಿದ್ದೇನೆ. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬಯಲು ನೆಲದಲ್ಲಿ, ಸಣ್ಣ ಕಲ್ಲುಗಳ ನಡುವೆ, ಅನೇಕ ಸಲ ದಾರಿಯ ಅಂಚಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಥೇಟ್ ಮಣ್ಣು. ನಾವು ಹೋಗುವ ಕೆರೆಯಲ್ಲಿ ಎರಡು ವರ್ಷ ಅಂಥ ಗೂಡಿನ ಸುತ್ತ ಕಲ್ಲಿಟ್ಟು ಕಾದಿದ್ದೇವೆ. ಮೂರನೆಯ ವರ್ಷ ದಾರಿಗೆ ಟೈಲ್ಸ್ ಬಂತು, ಅಂಚಿಗೆ ಹುಲ್ಲುಹಾಸು ಬಂತು, ಹುಲ್ಲಿಗೆ ಸ್ಪ್ರಿಂಕ್ಲರ್ ಬಂತು. ಹಕ್ಕಿ ಬರಲಿಲ್ಲ.

ಎಪ್ಪತ್ತೊಂದು · 9.36

ಹಕ್ಕಿಗೆ ಹಾರಲು ಬರುತ್ತದೆ. ನನಗೆ ಬರುವುದಿಲ್ಲ.

ಗಾರೆಕೆಲಸ · 10.02

ಮೂವತ್ತು ವರ್ಷ ರಸ್ತೆ, ಚರಂಡಿ ಕೆಲಸ ಮಾಡಿ ನಿವೃತ್ತನಾದವನು. ನೀವೆಲ್ಲ ಮೇಲಿನ ಹೊದಿಕೆಯ ಬಗ್ಗೆ ಜಗಳವಾಡುತ್ತಿದ್ದೀರಿ. ರೋಗ ಇರುವುದು ನೀರಿನಲ್ಲಿ. ವರ್ಷಗಟ್ಟಲೆ ನಡೆದು ನಡೆದು ದಾರಿಯ ನಡುಭಾಗ ತಗ್ಗಾಗಿರುತ್ತದೆ, ಎರಡೂ ಬದಿ ಎತ್ತರವಾಗಿರುತ್ತದೆ. ದಾರಿಯೇ ಕಾಲುವೆಯಾದರೆ ನೀರು ನಿಲ್ಲದೆ ಇನ್ನೇನು ಮಾಡುತ್ತದೆ? ಆ ಎರಡು ಜಾಗದಲ್ಲಿ ರಾಡಿ ತೆಗೆದುಹಾಕಿ, ತಳಕ್ಕೆ ದಪ್ಪ ಜಲ್ಲಿ ಕೂರಿಸಿ, ಮೇಲೆ ಗರಸು ಮಣ್ಣಿಗೆ ಕಲ್ಲುಪುಡಿ ಬೆರೆಸಿ ಪದರ ಪದರವಾಗಿ ಹಾಕಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ನಡುವೆ ಉಬ್ಬು, ಎರಡೂ ಕಡೆಗೆ ಇಳಿಜಾರು. ಮೇಲಿನ ಬದಿಯಿಂದ ಬರುವ ನೀರಿಗೆ ಅಡ್ಡಲಾಗಿ ಒಂದು ಕೊಳವೆ. ಇಷ್ಟೇ.

ಇಂಟರ್‌ಲಾಕ್ ಕೂಡ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೂ ಇದೇ ತಳಪಾಯ ಬೇಕು. ತಳ ಸರಿಯಿಲ್ಲದೆ ಹಾಕಿದರೆ ಎರಡನೆಯ ಮಳೆಗಾಲಕ್ಕೆ ಒಂದು ಇಟ್ಟಿಗೆ ಕುಸಿಯುತ್ತದೆ, ಪಕ್ಕದ್ದು ಏಳುತ್ತದೆ. ಆಗ ಎಪ್ಪತ್ತೊಂದು ಅವರು ಜಾರಿ ಬೀಳುವುದಿಲ್ಲ, ಎಡವಿ ಬೀಳುತ್ತಾರೆ. ನೆರಳಿರುವ ಕಡೆ ಇಟ್ಟಿಗೆಯ ಮೇಲೆ ಪಾಚಿ ಕಟ್ಟಿದರಂತೂ ಮಣ್ಣಿಗಿಂತ ಹೆಚ್ಚು ಜಾರುತ್ತದೆ.

ಎಪ್ಪತ್ತೊಂದು · 10.09

ಒಟ್ಟಿನಲ್ಲಿ ಬೀಳುವುದು ಖಚಿತ ಎಂದಾಯಿತು.

ನೀರುಗಂಟಿಮೊಮ್ಮಗ · 10.40

ನಮ್ಮ ತಾತ ನೀರುಗಂಟಿಯಾಗಿದ್ದರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವರ ಕೆಲಸ. ಈಗ ಅಚ್ಚುಕಟ್ಟಿನಲ್ಲಿ ಗದ್ದೆ ಇಲ್ಲ, ನಾಲ್ಕು ಅಂತಸ್ತಿನ ಮನೆಗಳಿವೆ. ಅದಿರಲಿ. ಅವರು ಹೇಳುತ್ತಿದ್ದುದು, ಏರಿ ಎಂದರೆ ಮಣ್ಣಿನ ಗೋಡೆ, ಅದು ಪ್ರತಿವರ್ಷ ಸ್ವಲ್ಪ ಸ್ವಲ್ಪ ಕುಳಿತುಕೊಳ್ಳುತ್ತದೆ, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಇಲಿ ಹೆಗ್ಗಣ ತೋಡಿದೆ ಎಂದು ದಿನವೂ ನಡೆದು ನೋಡಬೇಕು ಎಂದು. ಏರಿಯ ಮೇಲಿನ ದಾರಿ ಇದ್ದುದೇ ಅದಕ್ಕಾಗಿ, ಹೊಟ್ಟೆ ಕರಗಿಸುವುದಕ್ಕಲ್ಲ. ಇಟ್ಟಿಗೆ ಮುಚ್ಚಿಬಿಟ್ಟರೆ ಕೆಳಗೆ ಏನಾಗುತ್ತಿದೆ ಎಂಬುದು ಯಾರಿಗೆ ಕಾಣುತ್ತದೆ? ಏರಿಯ ಮೇಲೆ ದೊಡ್ಡ ಮರ ನೆಡುವುದೂ ತಪ್ಪು. ಬೇರು ಸತ್ತರೆ ಅದೇ ನೀರಿಗೆ ದಾರಿ. ಈಗಿನವರು ವನಮಹೋತ್ಸವಕ್ಕೆ ಮೊದಲು ಹುಡುಕುವುದೇ ಏರಿಯನ್ನು.

ಕೋಡಿಬದಿ · 10.52

ನೀರುಗಂಟಿಮೊಮ್ಮಗ ಅವರೇ, ನಾವು ಏರಿಯ ಮೇಲೆ ಹನ್ನೊಂದು ಹೊಂಗೆ ನೆಟ್ಟಿದ್ದೇವೆ. ಈಗ ಎದೆಮಟ್ಟ ಬಂದಿವೆ. ಇದನ್ನು ಓದಿದ ಮೇಲೆ ಕಾಫಿ ರುಚಿಸಲಿಲ್ಲ.

ನೀರುಗಂಟಿಮೊಮ್ಮಗ · 10.58

ಎದೆಮಟ್ಟ ಇರುವಾಗಲೇ ಬೇರು ಸಮೇತ ಕಿತ್ತು ಬೇಲಿಯ ಕಡೆಗೆ ಸಾಗಿಸಿ. ಎಲ್ಲವೂ ಬದುಕುವುದಿಲ್ಲ. ಹೊಂಗೆ ಗಟ್ಟಿ ಜಾತಿ, ಆರೇಳಾದರೂ ಉಳಿಯಬಹುದು. ಗುಂಡಿಗಳನ್ನು ಮರೆಯದೆ ದಿಮ್ಮಸು ಹೊಡೆದು ಮುಚ್ಚಿ.

ಆರುಗಂಟೆ · 11.15

ಇಲ್ಲಿಯವರೆಗೆ ಬರೆದವರೆಲ್ಲ ಗಂಡಸರು ಎಂದು ಊಹಿಸುತ್ತೇನೆ. ದೀಪದ ಮಾತನ್ನು ಒಬ್ಬರೂ ಎತ್ತಲಿಲ್ಲ. ಕಚೇರಿ ಮುಗಿಸಿ ಆರೂವರೆಗೆ ಬಂದರೆ ನನಗೆ ಸಿಗುವುದು ಅರ್ಧ ಗಂಟೆ. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಕತ್ತಲೆ. ಜೊಂಡಿನ ಕಡೆಯ ತಿರುವಿನಲ್ಲಿ ಕುಡಿದು ಕುಳಿತವರಿರುತ್ತಾರೆ. ದೀಪ ಬೇಡ ಎನ್ನುವವರು ಒಮ್ಮೆ ಹೆಂಡತಿಯನ್ನೋ ಮಗಳನ್ನೋ ಒಬ್ಬಳೇ ಆ ತಿರುವಿಗೆ ಕಳುಹಿಸಿ ನೋಡಲಿ.

ಟಿಟ್ಟಿಭ · 11.22

ಮೊದಲು, ನಾನು ಹೆಂಗಸು. ಎರಡನೆಯದು, ರಾತ್ರಿಯಿಡೀ ಉರಿಯುವ ಬಿಳಿ ದೀಪ ನೀರಿನ ಮೇಲೆ ಬಿದ್ದರೆ ಹುಳುಗಳೆಲ್ಲ ದೀಪಕ್ಕೆ ಮುತ್ತಿ ಸಾಯುತ್ತವೆ, ಜೊಂಡಿನಲ್ಲಿ ಕೂರುವ ಹಕ್ಕಿಗಳಿಗೆ ರಾತ್ರಿಯೇ ಇರುವುದಿಲ್ಲ. ಆದರೂ ನಿಮ್ಮ ಮಾತು ನಿಜ, ಆ ತಿರುವು ನನಗೂ ಗೊತ್ತು. ಗೇಟು ಮತ್ತು ಏರಿಗೆ ಮಾತ್ರ, ಮಂಡಿಯೆತ್ತರದ, ಬೆಳಕು ಕೆಳಗೆ ಮಾತ್ರ ಬೀಳುವ ಹಳದಿ ದೀಪ. ಗೇಟು ಮುಚ್ಚುವಾಗ ಅದೂ ಆರಬೇಕು. ಇಷ್ಟಕ್ಕೆ ಒಪ್ಪುತ್ತೀರಾ?

ಆರುಗಂಟೆ · 11.30

ಕ್ಷಮಿಸಿ, ಊಹೆ ತಪ್ಪಾಯಿತು. ಏರಿಗೆ ದೀಪ ಇದ್ದರೆ ಸಾಕು, ಸಂಜೆ ನಾನು ಏರಿಯ ಮೇಲೆಯೇ ಅತ್ತಿಂದಿತ್ತ ನಡೆಯುತ್ತೇನೆ. ಮೊಬೈಲ್ ಹಿಡಿದುಕೊಂಡು ಕುಳಿತಿರುವ ಕಾವಲುಗಾರ ಮಾತ್ರ ಒಂದು ಸುತ್ತು ಬರಬೇಕು.

ಕಾನೂನುಪಂಡಿತ · 11.48

ಇಷ್ಟೆಲ್ಲ ಚರ್ಚೆ ಏಕೆ? ಕೆರೆಯಿಂದ 75 ಮೀಟರ್ ಒಳಗೆ ಏನನ್ನೂ ಕಟ್ಟುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿಯ ಆದೇಶವಿದೆ. ಒಂದು ನೋಟಿಸ್ ಕೊಡಿ, ಮುಗಿಯಿತು.

ಗಾರೆಕೆಲಸ · 11.57

ಪಂಡಿತರೇ, ಅದು 2016ರ ಆದೇಶ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ 75 ಮೀಟರನ್ನು ತಳ್ಳಿಹಾಕಿತು. ಆಮೇಲೆ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) 30 ಮೀಟರ್ ಲೆಕ್ಕ ಉಳಿಯಿತು. ಅದನ್ನೂ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಡಿಮೆ ಮಾಡಲು 2025ರಲ್ಲಿ ತಿದ್ದುಪಡಿ ಮಸೂದೆ ತಂದರು. ಅದಲ್ಲದೆ ಆ ಮಾತೆಲ್ಲ ಕೆರೆಯಂಚಿನಾಚೆಯ ಕಟ್ಟಡಗಳದ್ದು, ಏರಿಯ ಮೇಲಿನ ಕಾಲುದಾರಿಯದ್ದಲ್ಲ. ಇದನ್ನೇ ನೋಟಿಸಿನಲ್ಲಿ ಬರೆದು ಕೊಟ್ಟರೆ ನಗುತ್ತಾರೆ.

ಕಾನೂನುಪಂಡಿತ · 12.03

ಮಾಹಿತಿಗೆ ಧನ್ಯವಾದ. ಆದರೂ ನೋಟಿಸ್ ಕೊಡುವುದರಲ್ಲಿ ತಪ್ಪಿಲ್ಲ.

ಮಳೆಯೂರು · 12.20

ಅಮೆರಿಕದ ಸಿಯಾಟಲ್‌ನಿಂದ, ನಿದ್ದೆ ಬಾರದ ರಾತ್ರಿಯಲ್ಲಿ. ಇಲ್ಲಿಂದ ಪೂರ್ವಕ್ಕೆ ಆಲ್ಪೈನ್ ಲೇಕ್ಸ್ ಎಂಬ ಕಾಡುಪ್ರದೇಶವಿದೆ. ಏಳುನೂರಕ್ಕೂ ಹೆಚ್ಚು ಸಣ್ಣ ಸರೋವರಗಳು ಮತ್ತು ಕೊಳಗಳು. 1976ರಿಂದ ಅದು ಸಂರಕ್ಷಿತ. ಅಲ್ಲಿನ ಕಾಲುದಾರಿಗಳ ಬಹಳಷ್ಟು ದುರಸ್ತಿಯನ್ನು ಸ್ವಯಂಸೇವಕರೇ ಮಾಡುತ್ತಾರೆ, ನಾನೂ ಮೂರು ಬೇಸಿಗೆ ಹೋಗಿದ್ದೇನೆ. 1964ರ ಕಾಯ್ದೆಯ ಪ್ರಕಾರ ಅಲ್ಲಿ ಯಂತ್ರ ಬಳಸುವಂತಿಲ್ಲ. ದಾರಿಗೆ ಅಡ್ಡ ಬಿದ್ದ ಮರವನ್ನು ಇಬ್ಬರು ಎರಡು ತುದಿ ಹಿಡಿದು ಉದ್ದ ಗರಗಸದಲ್ಲಿ ಕೊಯ್ಯಬೇಕು. ತಳ್ಳುಗಾಡಿಗೂ ಚಕ್ರವಿರುವುದರಿಂದ ಅದೂ ನಿಷಿದ್ಧ! ಜಲ್ಲಿಯನ್ನು ಬಕೆಟ್‌ನಲ್ಲಿ ಹೊರುತ್ತೇವೆ.

ಸ್ನೋ ಲೇಕ್‌ನಂಥ ಜನಪ್ರಿಯ ಸರೋವರದ ದಾರಿಯಲ್ಲೂ ಕಲ್ಲು, ಮಣ್ಣು, ಬೇರು ಅಷ್ಟೇ. ಜೌಗು ಜಾಗದಲ್ಲಿ ಮಾಡುವ ಉಪಾಯವನ್ನು ಗಾರೆಕೆಲಸ ಅವರು ಹೆಚ್ಚುಕಡಿಮೆ ಹೇಳಿಯೇಬಿಟ್ಟರು. ಎರಡೂ ಬದಿಗೆ ಉದ್ದದ ಮರದ ದಿಮ್ಮಿ ಇಟ್ಟು, ನಡುವೆ ಕಲ್ಲು ತುಂಬಿ, ಮೇಲೆ ಮಣ್ಣು ಹಾಕಿ ದಾರಿಯನ್ನೇ ಎತ್ತರಿಸುತ್ತಾರೆ. ಇಲ್ಲದಿದ್ದರೆ ಜನ ರಾಡಿ ತಪ್ಪಿಸಲು ಪಕ್ಕದಲ್ಲಿ ನಡೆದು ಒಂದು ದಾರಿ ಮೂರಾಗುತ್ತದೆ. ಅಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ, ಕೊಚ್ಚೆ ಕಂಡರೆ ಬದಿಗೆ ಹೋಗಬೇಡಿ, ನಡುವೆಯೇ ನಡೆಯಿರಿ.

ಎಪ್ಪತ್ತೊಂದು · 12.26

ಕೊಚ್ಚೆಯ ನಡುವೆ ನಡೆಯಲು ಅಮೆರಿಕಕ್ಕೆ ಹೋಗಬೇಕಿತ್ತೇ?

ಬೀದಿಮೂಲೆ · 12.41

ಸಿಯಾಟಲ್ ಸ್ವಾಮಿಗಳೇ, ನಿಮ್ಮ ಸರೋವರದ ಪಕ್ಕ ಮಲೆಕಾಡು. ನಮ್ಮ ಕೆರೆಯ ಪಕ್ಕ ವಾರ್ಡಿನ ಕಸದ ಆಟೊ ನಿಲ್ದಾಣ. ಅಲ್ಲಿಗೆ ಬೆನ್ನುಚೀಲ ಹೊತ್ತವರು ಬರುತ್ತಾರೆ, ಇಲ್ಲಿಗೆ ಸಕ್ಕರೆ ಕಾಯಿಲೆಯವರು ವೈದ್ಯರ ಚೀಟಿ ಹಿಡಿದು ಬರುತ್ತಾರೆ. ಎರಡಕ್ಕೂ ಒಂದೇ ಅಳತೆಗೋಲು ಬೇಡ.

ಮಳೆಯೂರು · 12.49

ಒಪ್ಪಿದೆ. ಮಣ್ಣು ಎತ್ತರಿಸುವ ಕ್ರಮವನ್ನಷ್ಟೇ ತೆಗೆದುಕೊಳ್ಳಿ, ಉಳಿದದ್ದನ್ನು ಬಿಡಿ. ಮಲಗುತ್ತೇನೆ.

ಗಾಲಿಕುರ್ಚಿ · ಮಧ್ಯಾಹ್ನ 1.30

ಮೂರು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹತ್ತಾರು ಉದ್ಯಾನ, ಕೆರೆ ಸುತ್ತಿದ್ದೇನೆ. ನನ್ನ ಅನುಭವ ಕೇಳಿ. ಚೆನ್ನಾಗಿ ಗಟ್ಟಿಮಾಡಿದ ಮಣ್ಣಿನ ಮೇಲೆ ಕುರ್ಚಿ ಸಲೀಸಾಗಿ ಹೋಗುತ್ತದೆ. ಸಡಿಲ ಜಲ್ಲಿಯಲ್ಲಿ ಹೂತುಕೊಳ್ಳುತ್ತದೆ. ಇಂಟರ್‌ಲಾಕ್ ಹೊಸದಿದ್ದಾಗ ಪರವಾಗಿಲ್ಲ, ಹಳೆಯದಾದರೆ ಪ್ರತಿ ಸಂದಿಗೂ ಅಪ್ಪನ ಕುತ್ತಿಗೆ ಅಲುಗುತ್ತದೆ.

ಆದರೆ ಇದ್ಯಾವುದೂ ನಮ್ಮ ನಿಜವಾದ ತೊಂದರೆಯಲ್ಲ. ನಮ್ಮನ್ನು ತಡೆಯುವುದು ಗೇಟು. ದ್ವಿಚಕ್ರ ವಾಹನ ಬಾರದಿರಲಿ ಎಂದು ಸುತ್ತುವ ಕಂಬಿಯೋ ಅಂಕುಡೊಂಕಿನ ಕಂಬಿಯೋ ಹಾಕಿರುತ್ತಾರೆ, ಕುರ್ಚಿ ಒಳಗೆ ಹೋಗುವುದೇ ಇಲ್ಲ. ಒಂದು ಕಡೆ ಕಾವಲುಗಾರನೂ ನಾನೂ ಸೇರಿ ಅಪ್ಪನನ್ನು ಕುರ್ಚಿ ಸಮೇತ ಎತ್ತಿ ದಾಟಿಸಿದೆವು. ಅಪ್ಪ ಆಮೇಲೆ ಕೆರೆಗೆ ಹೋಗೋಣ ಎಂದು ಕೇಳಲಿಲ್ಲ. ನಿಮ್ಮ ಗೇಟು ಹೇಗಿದೆ, ಕೋಡಿಬದಿಯವರೇ?

ಕೋಡಿಬದಿ · 1.44

ಅಂಕುಡೊಂಕಿನ ಕಂಬಿ. ಹಾಕಿಸಿದವರು ನಾವೇ. ಚಂದಾ ಎತ್ತಿ.

ಗಾಲಿಕುರ್ಚಿ · 1.47

ಹಾಗಾದರೆ ಕೆಲಸ ಅಲ್ಲಿಂದ ಶುರು ಮಾಡಿ.

ಕುಕ್ಕರಹಳ್ಳಿ ಸುತ್ತು · 2.15

ಮೈಸೂರಿನಿಂದ. ನಮ್ಮ ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ಕುವೆಂಪು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ, ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಮರದ ನೆರಳಿನ ಮಣ್ಣಿನ ದಾರಿಯಲ್ಲೇ ಇಡೀ ಮೈಸೂರಿನ ನಿವೃತ್ತರು ನಡೆಯುತ್ತಾರೆ, ರಾಜಕೀಯ ಮಾತನಾಡುತ್ತಾರೆ, ಪಿಂಚಣಿ ಲೆಕ್ಕ ಹಾಕುತ್ತಾರೆ. ಬೆಂಗಳೂರಿನವರಿಗೆ ಮಾತ್ರ ಮಣ್ಣು ಕಂಡರೆ ಕೈ ತುರಿಸುತ್ತದೆ.

ಬೀದಿಮೂಲೆ · 2.19

ಮೈಸೂರಿನವರು ಬಂದರು. ಇನ್ನು ಮಸಾಲೆ ದೋಸೆಯೂ ಬರುತ್ತದೆ.

ಹಕ್ಕಿಲೆಕ್ಕ · 2.50

ಬೆಂಗಳೂರಿನಲ್ಲಿಯೂ ಒಳ್ಳೆಯ ಉದಾಹರಣೆಗಳಿವೆ, ಅಷ್ಟೊಂದು ಹಳಿಯಬೇಡಿ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಸುಮಾರು 48 ಎಕರೆ. ಅದನ್ನು ಹೇಗೆ ಜೀರ್ಣೋದ್ಧಾರ ಮಾಡಬೇಕು ಎಂಬ ಯೋಜನೆಯ ಹಂತದಿಂದಲೇ ಸುತ್ತಲಿನ ನಿವಾಸಿಗಳು ಪಾಲಿಕೆಯ ಜೊತೆ ಕುಳಿತಿದ್ದರು. ಪುಟ್ಟೇನಹಳ್ಳಿಯಲ್ಲಿ 2010ರಲ್ಲಿ ನಿವಾಸಿಗಳೇ ಟ್ರಸ್ಟ್ ಕಟ್ಟಿದರು. ನೀರಿನ ಮೂಲವೇ ಮುಚ್ಚಿಹೋಗಿದ್ದ ಕೆರೆ ಅದು, ಈಗ ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರು ಒಳಗೆ ಬರುತ್ತದೆ. ಗುಳುಮುಳುಕ, ಜಂಬುಕೋಳಿ, ನೀರುಕಾಗೆ ಎಲ್ಲ ಸಿಗುತ್ತವೆ.

ಯಲಹಂಕದವಳು · 3.02

ಪುಟ್ಟೇನಹಳ್ಳಿ ಇರುವುದು ಯಲಹಂಕದಲ್ಲಿ. ಅದು ಅರಣ್ಯ ಇಲಾಖೆಯ ಪಕ್ಷಿ ಸಂರಕ್ಷಣಾ ಮೀಸಲು. ಟ್ರಸ್ಟ್ ಎಲ್ಲಿಂದ ಬಂತು?

ಹಕ್ಕಿಲೆಕ್ಕ · 3.06

ಪುಟ್ಟೇನಹಳ್ಳಿ ಎರಡಿವೆ, ಮೇಡಂ. ನಾನು ಹೇಳಿದ್ದು ಜೆ.ಪಿ. ನಗರ ಏಳನೆಯ ಹಂತದ್ದು. ಒಮ್ಮೆ ಸ್ನೇಹಿತರನ್ನು ಬೆಳಿಗ್ಗೆ ಆರಕ್ಕೆ ಪುಟ್ಟೇನಹಳ್ಳಿಗೆ ಬನ್ನಿ ಎಂದು ಕರೆದು, ಅವರು ಅಲ್ಲಿ, ನಾನು ಇಲ್ಲಿ, ನಡುವೆ ಇಡೀ ಬೆಂಗಳೂರು.

ಯಲಹಂಕದವಳು · 3.11

ಸರಿ. ಹಾಗಾದರೆ ನಮ್ಮ ಕಡೆಯ ಜಕ್ಕೂರನ್ನೂ ಸೇರಿಸಿ. ಸುಮಾರು 160 ಎಕರೆ, ಸಂಸ್ಕರಣಾ ಘಟಕದ ನೀರು ಜೊಂಡಿನ ಜೌಗಿನ ಮೂಲಕ ಸೋಸಿ ಕೆರೆಗೆ ಬರುತ್ತದೆ. ಮೀನುಗಾರರು ಬಲೆ ಎಳೆಯುವುದನ್ನು ನೋಡಲೆಂದೇ ನಾನು ಹೋಗುತ್ತೇನೆ.

ಅಂದಹಾಗೆ, ಕೆರೆಯಂಚಿನಲ್ಲಿ ಹೊನಗೊನ್ನೆ ಸೊಪ್ಪು ಧಾರಾಳವಾಗಿ ಬೆಳೆದಿರುತ್ತದೆ. ಹೆಂಗಸರು ಕೊಯ್ದುಕೊಂಡು ಹೋಗುವುದನ್ನು ಕಂಡಿದ್ದೇನೆ. ಬಸ್ಸಾರಿಗೆ ಅದರಷ್ಟು ರುಚಿ ಬೇರೆಯಿಲ್ಲ.

ಟಿಟ್ಟಿಭ · 3.20

ಅಕ್ಕ, ಜೋಪಾನ! ಅದರಲ್ಲಿ ಬಹಳಷ್ಟು ಹೊನಗೊನ್ನೆಯಲ್ಲ, ಅದರ ದಾಯಾದಿ, ದಕ್ಷಿಣ ಅಮೆರಿಕದಿಂದ ಬಂದ ಕಳೆ. ನಮ್ಮ ಹೊನಗೊನ್ನೆಯ ಬಿಳಿ ಹೂವು ಎಲೆಯ ಬುಡಕ್ಕೇ ಅಂಟಿಕೊಂಡಿರುತ್ತದೆ. ಕಳೆಯ ಹೂವಿಗೆ ಉದ್ದ ತೊಟ್ಟು ಇರುತ್ತದೆ, ದಂಟು ಒಳಗೆ ಟೊಳ್ಳು. ಎರಡರಲ್ಲಿ ಯಾವುದೇ ಆದರೂ ಚರಂಡಿ ನೀರು ಸೇರುವ ಕೆರೆಯ ಸೊಪ್ಪು ಬೇಡ.

ಯಲಹಂಕದವಳು · 3.24

ಅಯ್ಯೋ, ಕಳೆದ ತಿಂಗಳು ಒಂದು ಕಟ್ಟು ತಿಂದಿದ್ದೇನೆ. ಹೂವು ನೋಡಲಿಲ್ಲ.

ಬೀದಿಮೂಲೆ · 3.26

ಬರೆಯುತ್ತಿದ್ದೀರಲ್ಲ, ಆರೋಗ್ಯವಾಗಿದ್ದೀರಿ.

ದನದಹಟ್ಟಿ · ಸಂಜೆ 5.05

ಎಲ್ಲರೂ ಸ್ವಯಂಸೇವಕರನ್ನು ಹೊಗಳುತ್ತಿದ್ದೀರಿ. ನನ್ನದೊಂದು ಕಹಿ ಮಾತು. ನಮ್ಮ ಮನೆ ಇರುವುದು ಒಂದು ಕೆರೆಯ ಹಿಂದಿನ ಹಳೆಯ ಊರಿನಲ್ಲಿ. ಎರಡು ಹಸು ಇದ್ದವು. ಕೆರೆಯಂಗಳದ ಹುಲ್ಲೇ ಮೇವು. ಒಂದು ದಿನ ಸಮವಸ್ತ್ರದಂಥ ಹಸಿರು ಅಂಗಿ ತೊಟ್ಟ ಇಪ್ಪತ್ತು ಜನ ಬಂದು ಸ್ವಚ್ಛ ಮಾಡಿದರು. ಸಂತೋಷ. ಆಮೇಲೆ ಬೇಲಿ ಬಂತು. ಆಮೇಲೆ ಬೋರ್ಡು: ದನ ನಿಷೇಧ, ಬಟ್ಟೆ ಒಗೆಯುವುದು ನಿಷೇಧ, ಹುಲ್ಲು ಕೊಯ್ಯುವುದು ನಿಷೇಧ. ನಾಯಿಗೆ ಮಾತ್ರ ಸರಪಳಿ ಇದ್ದರೆ ಪ್ರವೇಶ. ಅವ್ವ ಓದಿಸಿ ಕೇಳಿದಳು, ಹಸುವಿಗೂ ಹಗ್ಗ ಇದೆಯಲ್ಲ ಎಂದು. ಹಸು ಮಾರಿದೆವು.

ಇಟ್ಟಿಗೆಯೋ ಮಣ್ಣೋ ನೀವೇ ತೀರ್ಮಾನಿಸಿ. ಆ ಸಭೆಗೆ ಹಿಂಬದಿಯ ಊರಿನವರನ್ನು ಕರೆದಿದ್ದೀರಾ?

ಹಕ್ಕಿಲೆಕ್ಕ · 5.18

ಮೇಯುವ ದನ ಹೆಚ್ಚಾದರೆ ಹೊಸ ಸಸಿ ಉಳಿಯುವುದಿಲ್ಲ, ಇದೂ ನಿಜ. ಎಲ್ಲವನ್ನೂ ಅಪಾರ್ಟ್‌ಮೆಂಟಿನವರ ತಲೆಗೆ ಕಟ್ಟಬೇಡಿ.

ದನದಹಟ್ಟಿ · 5.21

ಎರಡು ಹಸು, ಸ್ವಾಮಿ. ಎರಡು.

ನೀರುಗಂಟಿಮೊಮ್ಮಗ · 5.30

ಆಳೆತ್ತರ ಬೆಳೆದ ಹುಲ್ಲನ್ನು ಈಗ ದುಡ್ಡು ಕೊಟ್ಟು ಯಂತ್ರದಲ್ಲಿ ಕೊಯ್ಯಿಸುತ್ತಾರೆ, ನನ್ನ ಕಣ್ಣಾರೆ ಕಂಡಿದ್ದೇನೆ. ಕೊಯ್ದದ್ದನ್ನು ಅಲ್ಲೇ ರಾಶಿ ಹಾಕಿ ಕೊಳೆಸುತ್ತಾರೆ. ಮೊದಲು ಅದೇ ಹುಲ್ಲನ್ನು ಜನ ಪುಕ್ಕಟೆ ಕೊಯ್ದು ಕೊಂಡೊಯ್ಯುತ್ತಿದ್ದರು, ದಾರಿಯ ಅಂಚೂ ಚೊಕ್ಕಟವಾಗಿರುತ್ತಿತ್ತು.

ಆರುಗಂಟೆ · 5.44

ಜೊಂಡಿನ ಕಡೆಯ ತಿರುವಿನಲ್ಲಿ ಸಂಜೆ ಐದಾರು ಜನ ಹುಲ್ಲು ಕೊಯ್ಯುತ್ತಿದ್ದರೆ ಕುಡುಕರೂ ಕೂರುವುದಿಲ್ಲ. ದೀಪಕ್ಕಿಂತ ಅದು ನನಗೆ ಹೆಚ್ಚು ಧೈರ್ಯ.

ಕೋಡಿಬದಿ · ಭಾನುವಾರ, ಬೆಳಿಗ್ಗೆ 10.35

ಈಗಷ್ಟೇ ಕೆರೆಯಿಂದ ಬಂದೆ. ಕೈಯಲ್ಲಿ ಇನ್ನೂ ಮಣ್ಣಿದೆ. ಸಭೆಗೆ ವಾರವಿದೆ, ಆದರೂ ನಮ್ಮ ಹತ್ತು ಜನರಿಗೆ ಇಡೀ ಚರ್ಚೆಯನ್ನು ಓದಿ ಹೇಳಿದೆ. ಎಪ್ಪತ್ತೊಂದು ಅವರ ಮಾತಿಗೆ ಎಲ್ಲರಿಗಿಂತ ಹೆಚ್ಚು ನಗು ಬಂತು. ಮಣಿಕಟ್ಟು ಮುರಿದುಕೊಂಡ ಹಿರಿಯರೂ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು, ಅವರೂ ನಕ್ಕರು.

ಸದ್ಯಕ್ಕೆ ಒಪ್ಪಿಗೆಯಾದದ್ದು ಇಷ್ಟು. ಗೇಟಿನ ಕಂಬಿಯನ್ನು ಈ ವಾರವೇ ಬಿಚ್ಚಿ, ಕುರ್ಚಿ ನುಗ್ಗುವಷ್ಟು ಜಾಗ ಬಿಡಿಸುತ್ತೇವೆ. ಬೆಸುಗೆಯವನಿಗೆ ಹೇಳಿಯಾಗಿದೆ. ರಾಡಿಯ ಎರಡು ಜಾಗವನ್ನು ಗಾರೆಕೆಲಸ ಅವರು ಹೇಳಿದಂತೆ ಎತ್ತರಿಸಿ ಒಂದು ಮಳೆಗಾಲ ನೋಡುತ್ತೇವೆ. ಅಲ್ಲಿಯವರೆಗೆ ಅಂದಾಜು ಪಟ್ಟಿಯನ್ನು ಹಿಡಿದಿಡಿ ಎಂದು ಮನವಿ ಕೊಡುತ್ತೇವೆ, ಒಪ್ಪುತ್ತಾರೋ ಇಲ್ಲವೋ ತಿಳಿಯದು. ಏರಿಗೆ ಗಿಡ್ಡ ದೀಪ ಕೇಳುತ್ತೇವೆ. ನೀರಿನ ಬದಿಯ ಸ್ಟೀಲ್ ಕಂಬಿ ಬೇಡ ಎಂಬುದರಲ್ಲಿ ಇಬ್ಬರಿಗೆ ಇನ್ನೂ ತಕರಾರಿದೆ, ಮಕ್ಕಳಿರುವವರು. ಹೊಂಗೆಗಳ ಬಗ್ಗೆ ದೊಡ್ಡ ಜಗಳವಾಯಿತು. ಪ್ರತಿ ಗಿಡಕ್ಕೂ ಯಾರದೋ ಹುಟ್ಟುಹಬ್ಬದ ಫಲಕವಿದೆ.

ದನದಹಟ್ಟಿಯವರೇ, ನಿಜ ಹೇಳಬೇಕೆಂದರೆ ಹಿಂಬದಿಯ ಊರಿನವರನ್ನು ಆರು ವರ್ಷದಲ್ಲಿ ಒಮ್ಮೆಯೂ ಕರೆದಿರಲಿಲ್ಲ. ಇವತ್ತು ವಾಪಸು ಬರುವಾಗ ಅಲ್ಲಿಯ ಹಾಲಿನ ಡೇರಿಯ ಹತ್ತಿರ ನಿಂತು ವಿಷಯ ಹೇಳಿದೆ. ಒಬ್ಬರು ಕೇಳಿದರು, ಯಾವ ಕೆರೆ, ಆ ಬೇಲಿ ಒಳಗಿನದೇ ಎಂದು.

ಗಾರೆಕೆಲಸ · 10.50

ಗರಸು ತರಿಸುವಾಗ ಕೆರೆಯ ಹೂಳನ್ನೇ ಅಗೆದು ತುಂಬಿಬಿಡಬೇಡಿ, ಅದು ಜಿಗುಟು ಮಣ್ಣು, ಮತ್ತೆ ರಾಡಿಯಾಗುತ್ತದೆ. ನನ್ನ ಬಳಿ ಎರಡು ಹಳೆಯ ಕಬ್ಬಿಣದ ದಿಮ್ಮಸುಗಳಿವೆ. ಭಾನುವಾರ ತರುತ್ತೇನೆ, ಎತ್ತುವವರನ್ನು ನೀವು ಒದಗಿಸಿ.

ಎಪ್ಪತ್ತೊಂದು · 11.04

ನಾನು ಬರುತ್ತೇನೆ. ಎತ್ತುವುದಕ್ಕಲ್ಲ, ಇಳಿಜಾರು ಸರಿಯಿದೆಯೇ ಎಂದು ನಡೆದು ನೋಡುವುದಕ್ಕೆ. ಬಿದ್ದರೆ ಇಂಟರ್‌ಲಾಕ್.

ಕಾನೂನುಪಂಡಿತ · 11.10

ನೋಟಿಸ್ ಕರಡು ಸಿದ್ಧವಿದೆ, ಯಾರಿಗೆ ಕಳುಹಿಸಲಿ?